ಹಾರ್ಕರ್ ಹಳ್ಳದ ಕರೆ

ನೋರೀನ್‌ಗೆ ಎಲ್ಕ್ ಬೇಟೆಯ ಪರವಾನಗಿ ಸಿಕ್ಕಿದೆ ಎನ್ನುವುದು ನನಗೆ ಗೊತ್ತಾದದ್ದು ಅವಳಿಂದಲ್ಲ, ಅವಳ ಮೈದುನ ಆನ್ಸೆಲ್‌ನಿಂದ. ಜುಲೈ ತಿಂಗಳು. ಕೌಂಟಿಯ ಷೆಡ್ಡಿನಲ್ಲಿ ಹಿಮ ತಳ್ಳುವ ಲಾರಿಯ ಹೊಟ್ಟೆಯಡಿ ಮಲಗಿ ತುಕ್ಕು ಹಿಡಿದ ಬೋಲ್ಟೊಂದರ ಜೊತೆ ಜಗಳವಾಡುತ್ತಿದ್ದೆ. ಎರಡು ಬೂಟುಗಳು ಬಂದು ನನ್ನ ಕಿವಿಯ ಪಕ್ಕ ನಿಂತವು. ಹೇಸರಗತ್ತೆಯ ಲದ್ದಿ ಅಂಟಿರದ ಬೂಟನ್ನು ಆನ್ಸೆಲ್ ಹಾಕಿದ್ದನ್ನು ನಾನು ಕಂಡಿಲ್ಲ, ಹಾಗಾಗಿ ಮುಖ ನೋಡಬೇಕಾಗಿರಲಿಲ್ಲ.

"ಲಾಟರೀಲಿ ನೋರೀನ್ ಹೆಸರು ಬಂದಿದೆ ಗ್ರೆಟಾ," ಎಂದ. "ಯಾವ ಕಾಡಿಗೆ ಅಂತ ಕೇಳು."

ನಾನು ಕೇಳಲಿಲ್ಲ. ಅವನ ದನಿಯಲ್ಲೇ ಗೊತ್ತಾಯಿತು.

ನಮ್ಮ ಡಾರ್ಬಿನ್ ಊರಿನಲ್ಲಿ ಎಲ್ಕ್ ಪರವಾನಗಿ ಬಂತೆಂದರೆ ಆ ಮನೆಯಲ್ಲಿ ಹಬ್ಬ. ಕುದುರೆಯಷ್ಟು ಎತ್ತರದ ಆ ಕಡವೆ ಒಂದು ಬಿದ್ದರೆ ಮುಂದಿನ ಬೇಸಿಗೆಯವರೆಗೆ ಅಂಗಡಿಯ ಮಾಂಸ ಬೇಕಿಲ್ಲ. ಆದರೆ ನೋರೀನ್‌ಗೆ ಬಂದದ್ದು ಸ್ಲೇಟ್ ಹಳ್ಳ, ಹಾರ್ಕರ್ ಹಳ್ಳ ಎರಡೂ ಸೇರಿದ ಸರ್ಕಾರಿ ಕಾಡು. ಅವಳ ಗಂಡ ಹಾಲಿಸ್ ಎರಡು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ಬಿಲ್ಲು ಹಿಡಿದು ಒಬ್ಬನೇ ಹತ್ತಿದ್ದು ಅದೇ ಕಾಡಿಗೆ. ಇಳಿದು ಬರಲಿಲ್ಲ.

ಹಾಲಿಸ್ ಮತ್ತು ನಾನು ಒಂದೇ ಶಾಲೆಯಲ್ಲಿ ಓದಿದವರು. ಹದಿನಾಲ್ಕರ ವಯಸ್ಸಿನಿಂದ ಒಟ್ಟಿಗೆ ಬೇಟೆಗೆ ಹೋದವರು. ಅವನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಹೆಣ್ಣು ಎಲ್ಕಿನ ಹಾಗೆ ಕೂಗುವುದಕ್ಕೆ ನಾವು ನಾಲಿಗೆಯ ಮೇಲಿಟ್ಟುಕೊಂಡು ಊದುವ ರಬ್ಬರ್ ಪೀಪಿ ಒಂದಿದೆ; ಎಲ್ಲರ ಬಾಯಲ್ಲೂ ಅದು ಹೆಚ್ಚು ಕಡಿಮೆ ಒಂದೇ ಥರ ಕೂಗುತ್ತದೆ. ಹಾಲಿಸ್ ಊದಿದರೆ ಮಾತ್ರ ಬೇರೆ. ಎರಡು ಸಲ ಉದ್ದಕ್ಕೆ ಎಳೆದು, ಮೂರನೆಯದು ಗಿಡ್ಡಕ್ಕೆ ಹೊರಟು ನಡುವೆಯೇ ಒಡೆದು ಹೋಗುತ್ತಿತ್ತು, ಎಣ್ಣೆ ಕಾಣದ ಬಾಗಿಲ ಕೀಲಿನ ಹಾಗೆ. ನಾವು ನಗುತ್ತಿದ್ದೆವು. ಎಲ್ಕುಗಳು ನಗುತ್ತಿರಲಿಲ್ಲ, ನೇರ ಅವನ ಬಳಿಗೆ ನಡೆದು ಬರುತ್ತಿದ್ದವು.

ಸ್ಲೇಟ್ ಹಳ್ಳದ ಕಡೆ ಹೋಗುತ್ತೇನೆ ಎಂದು ಹೇಳಿ ಹೋಗಿದ್ದ. ಅವನ ಪಿಕಪ್ ಗಾಡಿ ಕಾಲುದಾರಿ ಶುರುವಾಗುವಲ್ಲೇ ನಿಂತಿತ್ತು. ಪೊಲೀಸರು, ನಾಯಿಗಳು, ಹೆಲಿಕಾಪ್ಟರು, ಊರಿನ ಗಂಡಸರು ಹೆಂಗಸರು ಎಲ್ಲರೂ ಸ್ಲೇಟ್ ಕಡೆಯ ಇಳಿಜಾರನ್ನು ಬಾಚಣಿಗೆಯಲ್ಲಿ ಬಾಚಿದ ಹಾಗೆ ಹುಡುಕಿದೆವು. ಹಾರ್ಕರ್ ಕಡೆಗೆ ಹೆಲಿಕಾಪ್ಟರು ಮಾತ್ರ ಹಾರಿ ನೋಡಿ ಬಂತು. ಅಲ್ಲಿ ಹಳೆಯ ಕಾಡ್ಗಿಚ್ಚಿನಲ್ಲಿ ಸುಟ್ಟು ನಿಂತ ಮರಗಳು ಬಿಟ್ಟರೆ ಏನೂ ಕಾಣಲಿಲ್ಲ ಎಂದರು. ಆಮೇಲೆ ಹಿಮ ಬಿತ್ತು, ಆ ವರ್ಷ ಬೇಗ ಬಿತ್ತು. ಮಾರನೇ ಬೇಸಿಗೆ ಆನ್ಸೆಲ್ ಮತ್ತು ನಾನು ಮತ್ತೆ ಸ್ಲೇಟ್ ಕಡೆಗೇ ಹೋಗಿ ಸುತ್ತಿದೆವು. ಒಂದು ಬಾಣದ ಗರಿಯೂ ಸಿಗಲಿಲ್ಲ.

ಊರು ಸುಮ್ಮನಿರುತ್ತದೆಯೇ? ಹಾಲಿಸ್ ಸತ್ತಿಲ್ಲ, ಯಾವಳದೋ ಜೊತೆ ನೆವಾಡಾದಲ್ಲಿದ್ದಾನೆ ಎಂದರು. ನೋರೀನ್ ಕೂದಲು ಕತ್ತರಿಸುವವಳು, ಊರಿನ ಅರ್ಧ ತಲೆಗಳು ಅವಳ ಕೈಯಡಿಗೇ ಬರುತ್ತವೆ. ಮೊದಲೆಲ್ಲ ಅವಳ ಅಂಗಡಿಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಈಗ ಕುರ್ಚಿಯಲ್ಲಿ ಕೂತವರು ಕನ್ನಡಿಯಲ್ಲಿ ಅವಳ ಕಣ್ಣು ತಪ್ಪಿಸಿ ಕತ್ತರಿಯ ಸದ್ದು ಮಾತ್ರ ಕೇಳಿಕೊಂಡು ಎದ್ದು ಹೋಗುತ್ತಿದ್ದರು. ಅವಳು ಯಾರ ಮುಂದೆಯೂ ಅತ್ತವಳಲ್ಲ. ಹುಡುಕಾಟ ನಿಲ್ಲಿಸಿದ ದಿನವೂ ಅಳಲಿಲ್ಲ.

ಆ ಸಂಜೆ ನಾನು ಅವಳ ಮನೆಗೆ ಹೋದಾಗ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿತ್ತು. ನಾಲ್ಕು ಮೂಲೆಗೂ ಉಪ್ಪಿನ ಡಬ್ಬಿ, ಕಾಫಿ ಲೋಟ ಹೀಗೆ ಏನೇನೋ ಭಾರ ಇಟ್ಟಿದ್ದಳು. ಆನ್ಸೆಲ್ ಆಗಲೇ ಬಂದು ಹಕಲ್‌ಬೆರಿ ಹಣ್ಣಿನ ಪೈ ತಿನ್ನುತ್ತಿದ್ದ. ನನ್ನನ್ನು ಕಂಡ ಕೂಡಲೇ ನೋರೀನ್, ಎಲ್ಲಿ ಕೂತರೆ ಎಲ್ಕ್ ಬರುತ್ತದೆ ತೋರಿಸು ಎಂದಳು. ನಮಸ್ಕಾರವಿಲ್ಲ, ಕೂತುಕೋ ಇಲ್ಲ.

ನಾನು ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಸರ್ಕಾರಿ ಕಾಡಿನಲ್ಲಿ ಬೇಟೆ ಎಂದರೆ ನಿನ್ನ ಹಾಗೆ ಪರವಾನಗಿ ಹಿಡಿದ ನೂರು ಜನರೂ ಅಲ್ಲೇ ಇರುತ್ತಾರೆ. ಅಕ್ಟೋಬರಿನ ಕೊನೆಗೆ ಬಂದೂಕಿನವರು ಇಳಿಯುವ ಹೊತ್ತಿಗೆ ಎಲ್ಕುಗಳು ಒಂದು ತಿಂಗಳಿಂದ ಬಿಲ್ಲಿನವರ ಕಾಟ ಅನುಭವಿಸಿ ಬೇಸತ್ತಿರುತ್ತವೆ. ರಸ್ತೆಗೆ ಹತ್ತಿರದ ಹುಲ್ಲುಗಾವಲು ಬಿಟ್ಟು, ಮಾಂಸ ಹೊತ್ತು ತರುವುದು ನರಕ ಎಂದು ಮನುಷ್ಯ ಹೋಗದ ಗುಂಡಿಯಂಥ ಜಾಗ ಹಿಡಿಯುತ್ತವೆ. ಅಂಥ ಜಾಗ ಯಾವುದು ನೋಡು.

ಅವಳ ಬೆರಳು ತಡವರಿಸಲಿಲ್ಲ. ಹಾರ್ಕರ್ ಹಳ್ಳದ ತಲೆಯ ಮೇಲೆ ಹೋಗಿ ಕೂತಿತು.

ಜಾಗವೇನೋ ಸರಿಯೇ. ಹಳ್ಳದ ಬಾಯಲ್ಲಿ ಖಾಸಗಿ ಜಮೀನು, ಗೇಟಿಗೆ ಬೀಗ. ಹಿಂದಿನ ಸರ್ಕಾರಿ ಕಾಡಿಗೆ ಹೋಗಬೇಕೆಂದರೆ ಸ್ಲೇಟ್ ಕಡೆಯಿಂದ ಹತ್ತಿ, ಬೆಟ್ಟದ ಏಣು ದಾಟಿ ಆಚೆ ಇಳಿಯಬೇಕು. ಉತ್ತರದ ಇಳಿಜಾರಿನಲ್ಲಿ ಕತ್ತಲೆಯಂಥ ದಟ್ಟ ಮರ, ಅದರ ಕೆಳಗೆ ಸುಟ್ಟ ಕಾಡು, ನಡುವೆ ಅಂಗೈಯಷ್ಟು ಹುಲ್ಲು, ನೀರು. ನಾನು ಎಲ್ಕ್ ಆಗಿದ್ದರೆ ಅಲ್ಲೇ ಇರುತ್ತಿದ್ದೆ.

"ಅಲ್ಲಿ ಹೊಡೆದ್ರೆ ಅಲ್ಲೇ ಕೂತು ತಿನ್ಬೇಕಾಗುತ್ತೆ," ಎಂದ ಆನ್ಸೆಲ್. "ನನ್ನ ಹೇಸರಗತ್ತೆಗಳು ನನಗೇ ಶಾಪ ಹಾಕ್ತವೆ."

"ನಿನ್ನ ಹೇಸರಗತ್ತೆಗಳು ದಿನಾ ಹಾಕ್ತವೆ," ಎಂದೆ.

ಅವನು ಹೋದ ಮೇಲೆ ನಾನು ಕೇಳಬೇಕಾದದ್ದನ್ನು ಕೇಳಿದೆ. ಇದು ಬೇಟೆಯೋ ಹುಡುಕಾಟವೋ?

ನೋರೀನ್ ತಟ್ಟೆ ತೊಳೆಯುತ್ತಿದ್ದಳು. "ಹುಡುಕೋದು ಮುಗೀತು ಗ್ರೆಟಾ. ಎರಡು ವರ್ಷದಿಂದ ಫ್ರೀಜರ್‌ನಲ್ಲಿ ಐಸ್ ಬಿಟ್ರೆ ಏನೂ ಇಲ್ಲ. ಅವನು ತಂದು ಹಾಕ್ತಿದ್ದ, ನಾನು ತಿಂತಿದ್ದೆ. ಈಗ ನಾನೇ ತರ್ತೀನಿ, ಅಷ್ಟೇ."

ನಾನು ನಂಬಿದೆ. ಈಗಲೂ ಅವಳು ಸುಳ್ಳು ಹೇಳಿದಳು ಎನಿಸುವುದಿಲ್ಲ.

ಆಗಸ್ಟಿನಲ್ಲಿ ಜಾಗ ನೋಡಲು ಮೂವರೂ ಹೋದೆವು. ಆನ್ಸೆಲ್ ಎರಡು ಹೇಸರಗತ್ತೆ ತಂದಿದ್ದ. ಏಣು ದಾಟಿ ಆಚೆ ಕಾಲಿಟ್ಟ ಕೂಡಲೇ ಅವು ನಡಿಗೆ ನಿಧಾನ ಮಾಡಿದವು. ಹಾರ್ಕರ್ ಹಳ್ಳದ ತಲೆ ಒಂದು ದೊಡ್ಡ ಬೋಗುಣಿಯ ಹಾಗಿದೆ. ಸುಟ್ಟ ಮರಗಳು ತೊಗಟೆ ಕಳಚಿ ಬೆಳ್ಳಿಯ ಬಣ್ಣಕ್ಕೆ ತಿರುಗಿ ಸಾವಿರ ಕಂಬಗಳಾಗಿ ನಿಂತಿವೆ. ಬುಡ ಕೊಳೆತವು ಒಂದರ ಮೇಲೊಂದು ಬಿದ್ದು ಚೆಲ್ಲಿದ ಬೆಂಕಿಕಡ್ಡಿಯ ಹಾಗೆ ಹರಡಿವೆ. ಸಣ್ಣ ಗಾಳಿ ಬಂದರೂ ಸಾಕು, ನಿಂತ ಕಂಬಗಳು ಒಳಗೊಳಗೇ ನರಳುತ್ತವೆ. ಆಗಾಗ ಎಲ್ಲೋ ಒಂದು ಮುರಿದು ಬೀಳುತ್ತದೆ. ಸದ್ದು ಎಲ್ಲಿಂದ ಬಂತೆಂದು ತಿರುಗಿ ನೋಡುವಷ್ಟರಲ್ಲಿ ಮತ್ತೆ ನಿಶ್ಶಬ್ದ.

ಎಲ್ಕ್ ಇದ್ದವು. ಕೆಸರು ಹೊಂಡದಲ್ಲಿ ಹೊರಳಾಡಿದ ಗುರುತು, ಕೊಂಬು ತಿಕ್ಕಿ ಸಿಪ್ಪೆ ಸುಲಿದ ಎಳೆಯ ಮರ, ಇನ್ನೂ ಮೆತ್ತಗಿದ್ದ ಹಿಕ್ಕೆ. ಹುಲ್ಲಿನ ಎದುರಿಗೆ ಒಂದು ಬೋಳು ಬಂಡೆ ಸಿಕ್ಕಿತು. ಬೆಳಿಗ್ಗೆ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ, ಬಿಸಿಲು ಏರಿದ ಮೇಲೆ ತಿರುಗಿ ಮೇಲೆ ಬರುತ್ತದೆ. ಬಂಡೆಯ ಮೇಲೆ ಕೂತರೆ ಬಿಸಿಲೇರಿದ ಹೊತ್ತಿನಲ್ಲಿ ನಮ್ಮ ವಾಸನೆ ಪ್ರಾಣಿಗೆ ತಾಗುವುದಿಲ್ಲ. ಇಲ್ಲೇ ಎಂದು ನಾನು ನೋರೀನ್‌ಗೆ ತೋರಿಸಿದೆ. ನೆರಳಲ್ಲಿ ಕೂತು ರೊಟ್ಟಿ ಬಿಚ್ಚಿದೆವು. ನಡು ಮಧ್ಯಾಹ್ನ. ಒಂದು ನೊಣದ ಸದ್ದೂ ಇರಲಿಲ್ಲ.

ಆಗ ಕೆಳಗಿನ ಕತ್ತಲೆ ಮರಗಳಿಂದ ಕೇಳಿಸಿತು. ಎರಡು ಉದ್ದನೆಯ ಕರೆ. ಮೂರನೆಯದು ಗಿಡ್ಡಕ್ಕೆ ಹೊರಟು ಒಡೆಯಿತು.

ಆನ್ಸೆಲ್‌ನ ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಹೇಸರಗತ್ತೆಗಳ ಕಿವಿ ನೆಟ್ಟಗಾದವು. ನಾನು ನೋರೀನ್ ಕಡೆ ನೋಡಲಿಲ್ಲ, ಧೈರ್ಯವಾಗಲಿಲ್ಲ. ಹುಲ್ಲಿನ ಅಂಚಿನಲ್ಲಿ ಒಂದು ಹೆಣ್ಣು ಎಲ್ಕ್ ಹೊರಗೆ ಬಂತು, ಅದರ ಹಿಂದೆ ಇನ್ನೊಂದು, ಮರಿಯೊಂದು. ಮೂರೂ ಕತ್ತು ಎತ್ತಿ ಸದ್ದು ಬಂದ ಕಡೆಗೇ ನೋಡುತ್ತ ನಿಂತವು. ಮತ್ತೆ ಕೇಳಿಸಿತು. ಈ ಸಲ ಹಳ್ಳದ ಆಚೆಯ ಇಳಿಜಾರಿನಿಂದ. ಅಷ್ಟು ಬೇಗ ಅಲ್ಲಿಗೆ ದಾಟುವ ಕಾಲು ಮನುಷ್ಯನಿಗಿಲ್ಲ.

ನಾನು ಅದನ್ನು ಕೇಳುತ್ತ ಬೆಳೆದವಳು. ಆ ಒಡಕನ್ನು ಬೇರೆ ಯಾರೂ ಮಾಡಲಾರರು.

ಕೊನೆಗೆ ಆನ್ಸೆಲ್, ಯಾವನೋ ಹುಡುಗ ಅದೇ ಅಂಗಡಿಯಲ್ಲಿ ಅದೇ ಪೀಪಿ ಕೊಂಡಿರಬೇಕು ಎಂದ. ತನ್ನ ಮಾತನ್ನು ತಾನೇ ನಂಬದವನ ಹಾಗೆ ರೊಟ್ಟಿಯನ್ನು ಹೇಸರಗತ್ತೆಗೆ ಕೊಟ್ಟುಬಿಟ್ಟ. ನೋರೀನ್ ಎದ್ದು ಚೀಲಕ್ಕೆ ಹಗ್ಗ ಬಿಗಿದಳು. ಇಳಿಯುವಾಗ ದಾರಿಯುದ್ದಕ್ಕೂ ಒಂದೇ ಒಂದು ಮಾತು ಕೇಳಿದಳು.

"ನಿಮಗಿಬ್ಬರಿಗೂ ಕೇಳಿಸ್ತಲ್ವಾ?"

ಕೇಳಿಸಿತು ಎಂದೆವು. ಅವಳ ಉಸಿರು ಸಡಿಲವಾದದ್ದು ಹಿಂದೆ ನಡೆಯುತ್ತಿದ್ದ ನನಗೆ ಗೊತ್ತಾಯಿತು.

ಅದಾದ ಮೇಲೆ ಆನ್ಸೆಲ್ ಬದಲಾದ. ಅಡುಗೆಮನೆಗೆ ಬಂದಾಗಲೆಲ್ಲ ಬೇರೆ ಜಾಗ ತೋರಿಸುತ್ತಿದ್ದ. ಸ್ಲೇಟ್ ಕಡೆಯೇ ಸಾಕು, ಅಲ್ಲೂ ಎಲ್ಕ್ ಇದೆ ಎನ್ನುತ್ತಿದ್ದ. ಒಂದು ದಿನ ನನ್ನನ್ನು ಹೊರಗೆ ಕರೆದು, ಅಣ್ಣ ಬದುಕಿದ್ದರೆ ಮನೆಗೆ ಬರುತ್ತಿದ್ದ, ಬದುಕಿಲ್ಲದಿದ್ದರೆ ಅವನನ್ನು ಅಲ್ಲಿ ಎದುರುಗೊಳ್ಳುವುದು ನನ್ನಿಂದಾಗದು ಎಂದ. ತಮಾಷೆಯೇ ಉಸಿರಾಗಿದ್ದ ಮನುಷ್ಯ, ಹೇಳುವಾಗ ಬೂಟಿನ ಲದ್ದಿ ಕೆರೆಯುತ್ತ ನೆಲವನ್ನೇ ನೋಡುತ್ತಿದ್ದ. ನಾನು ಅರಣ್ಯದ ಬೇಟೆ ಅಧಿಕಾರಿಯನ್ನು ಕೇಳಿ ನೋಡಿದೆ. ಆ ಬೇಸಿಗೆ ಹಾರ್ಕರ್ ಕಡೆಗೆ ಯಾರೂ ಹೋದ ಸುದ್ದಿ ಅವನಲ್ಲಿರಲಿಲ್ಲ.

ನೋರೀನ್ ಮಾತ್ರ ತಯಾರಿ ನಿಲ್ಲಿಸಲಿಲ್ಲ. ಭಾನುವಾರ ಜಲ್ಲಿ ಗುಂಡಿಯಲ್ಲಿ ಹಾಲಿಸ್‌ನ ರೈಫಲ್ ಹಿಡಿದು ಕಾಗದದ ತಟ್ಟೆಗೆ ಗುಂಡು ಹೊಡೆದು ಹೊಡೆದು ಭುಜ ನೀಲಿ ಮಾಡಿಕೊಂಡಳು. ಮಾಂಸಕ್ಕೆ ಬಟ್ಟೆಚೀಲ ಹೊಲಿದಳು. ಡೇರೆ ಬೋಗುಣಿಯೊಳಗೆ ಬೇಡ, ಏಣಿನ ಮೇಲೆ ಎಂದು ಇಬ್ಬರೂ ಸೇರಿ ತೀರ್ಮಾನ ಮಾಡಿದೆವು. ಎಲ್ಕ್ ಬೆದರಬಾರದು ಎಂದು ನಾನು ಕಾರಣ ಕೊಟ್ಟೆ. ಅವಳೂ ಅದೇ ಕಾರಣ ಕೊಟ್ಟಳು. ಇನ್ನೊಂದು ಕಾರಣವನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಮತ್ತೊಮ್ಮೆ ಹೋದೆವು, ಅವಳು ಮತ್ತು ನಾನು. ಗಾಳಿ ಹೇಗೆ ತಿರುಗುತ್ತದೆ, ಬಂಡೆಯಿಂದ ಹುಲ್ಲಿಗೆ ಗುಂಡಿನ ದೂರ ಎಷ್ಟು, ಇದನ್ನೆಲ್ಲ ನೋಡಿಕೊಂಡು ಬರುವುದೆಂದು. ಆನ್ಸೆಲ್ ಹೇಸರಗತ್ತೆಗೆ ಕಾಲು ನೋವು ಎಂದ. ನಾವು ಒತ್ತಾಯ ಮಾಡಲಿಲ್ಲ.

ಬೆಳಗಿನ ಮಂಜು ಇನ್ನೂ ಬೋಗುಣಿ ತುಂಬ ಇತ್ತು. ಗಂಡು ಎಲ್ಕುಗಳು ಕೂಗುತ್ತಿದ್ದವು; ಗುಟುರಿನಿಂದ ಶುರುವಾಗಿ ಸಿಳ್ಳಾಗಿ ಏರುವ ಆ ಕೂಗು ಮಂಜಿನೊಳಗೆ ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ. ನಾವು ಬಂಡೆ ಮುಟ್ಟುವ ಮೊದಲೇ ಹಾಲಿಸ್‌ನ ಕರೆ ಬಂತು. ಹತ್ತಿರದಲ್ಲಿ, ಸುಟ್ಟ ಮರಗಳ ಒಳಗೆ. ಎರಡು ಉದ್ದ, ಒಂದು ಒಡಕು. ಒಂದು ಕ್ಷಣ ಬಿಟ್ಟು, ಗಂಟಲು ಒಣಗಿದ ಗಂಡಸಿನ ದನಿ.

"ಇಲ್ಲೀ..."

ನಾನು ನೋರೀನ್‌ಳ ತೋಳು ಹಿಡಿದೆ. ಹಿಡಿದದ್ದು ಅವಳನ್ನು ತಡೆಯುವುದಕ್ಕೋ ನಾನು ಬೀಳದಿರುವುದಕ್ಕೋ ಗೊತ್ತಿಲ್ಲ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೆಳಗಿಳಿದಳು. ನಾನು ಹಿಂದೆ ಹೋದೆ. ಬಿದ್ದ ಮರಗಳನ್ನು ಹತ್ತಿ ಇಳಿದು, ಹತ್ತಿ ಇಳಿದು, ಮಂಡಿ ಕೆತ್ತಿಕೊಂಡೆವು. ದನಿ ನಮ್ಮ ಮುಂದೆ ಮುಂದೆಯೇ ಇತ್ತು. ಪೀಪಿ, ಆಮೇಲೆ ಮಾತು. ಪೀಪಿ, ಆಮೇಲೆ ಮಾತು. ಮಾತಿನಲ್ಲಿ ಅವಸರವಿರಲಿಲ್ಲ. ಕರೆದು ಕರೆದು ರೂಢಿಯಾದವನು ಕರೆದ ಹಾಗಿತ್ತು.

ಮಂಜು ಸ್ವಲ್ಪ ಹರಿದಾಗ ಕಂಡಿತು. ಬೆಳ್ಳಗೆ ನಿಂತ ಒಂದು ಕಂಬದ ತುದಿಯಲ್ಲಿ ಬೆಟ್ಟದ ಕಾಗೆ ಕೂತಿತ್ತು. ಊರ ಕಾಗೆಯ ಎರಡರಷ್ಟು ದೊಡ್ಡದು, ಗಂಟಲ ಕೆಳಗೆ ಗಡ್ಡದಂಥ ಗರಿ. ನಮ್ಮನ್ನು ಒಂದು ಕಣ್ಣಿನಿಂದ ನೋಡಿತು. ಗಂಟಲ ಗರಿ ಉಬ್ಬಿದವು, ಕೊಕ್ಕು ಅರ್ಧ ತೆರೆಯಿತು, ಅದರೊಳಗಿಂದ ಹಾಲಿಸ್ ಎಲ್ಕನ್ನು ಕರೆದ. ಆಮೇಲೆ ನಮ್ಮನ್ನು ಕರೆದ.

ಬೆಟ್ಟದ ಕಾಗೆ ಕೇಳಿದ್ದನ್ನು ಕಲಿಯುತ್ತದೆ ಎನ್ನುವುದು ನನಗೆ ಹೊಸದಲ್ಲ. ನಮ್ಮ ಷೆಡ್ಡಿನ ಹಿಂದಿದ್ದ ಒಂದು ಕಾಗೆ, ಲಾರಿ ಹಿಂದೆ ಸರಿಯುವಾಗಿನ ಪೀಂ ಪೀಂ ಸದ್ದನ್ನೇ ಮಾಡುತ್ತಿತ್ತು, ಡ್ರೈವರುಗಳು ಬೈದುಕೊಳ್ಳುತ್ತಿದ್ದರು. ಕಾಗೆ ಎಂದು ಕಂಡ ಕೂಡಲೇ ನನಗೆ ನಗು ಬರುವುದರಲ್ಲಿತ್ತು, ಅಷ್ಟು ಸಮಾಧಾನವಾಗಿತ್ತು. ಭೂತವಲ್ಲ, ಏನೂ ಅಲ್ಲ, ಒಂದು ಕಾಗೆ.

ನೋರೀನ್ ನನಗಿಂತ ಮುಂದೆ ಯೋಚಿಸಿದ್ದಳು.

"ಎಷ್ಟು ಸಲ ಕೇಳಿದ್ರೆ ಅದು ಕಲಿತಿರುತ್ತೆ ಗ್ರೆಟಾ?" ಎಂದಳು.

ಒಂದು ಸಲ ಕೇಳಿ ಕಲಿಯುವುದಿಲ್ಲ. ಬೇಟೆಗೆ ಬಂದವನು ಅಲ್ಲಿ ಇಲ್ಲಿ ಊದಿಕೊಂಡು ಹೋದದ್ದನ್ನು ಕೇಳಿ ಕಲಿಯುವುದಿಲ್ಲ. ಒಂದೇ ಜಾಗದಲ್ಲಿ ಬಿದ್ದವನು ಮತ್ತೆ ಮತ್ತೆ ಊದಬೇಕು. ಕೂಗಿ ಕೂಗಿ ಗಂಟಲು ಹೋದ ಮೇಲೆ, ದೂರಕ್ಕೆ ಮುಟ್ಟುವುದು ಇದೊಂದೇ ಎಂದು ಊದಬೇಕು. ಯಾವನಾದರೂ ಬೇಟೆಯವನು ಹೆಣ್ಣು ಎಲ್ಕ್ ಎಂದುಕೊಂಡಾದರೂ ಬರಲಿ ಎಂದು ಊದಿ, ಆಮೇಲೆ ಇಲ್ಲಿ, ಇಲ್ಲಿ ಎನ್ನಬೇಕು. ಅದನ್ನು ಮೇಲಿಂದ ಒಬ್ಬರು ಕೂತು ಕೇಳಬೇಕು. ಕಾಯುತ್ತ ಕೇಳಬೇಕು. ಬೆಟ್ಟದ ಕಾಗೆ ಯಾಕೆ ಕಾಯುತ್ತದೆ ಎನ್ನುವುದು ಬೇಟೆಯ ಊರಿನಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅವಳು ಕಾಗೆಯ ಕಡೆ ಮತ್ತೆ ನೋಡಲಿಲ್ಲ. ಬಿದ್ದ ಮರಗಳ ಅಡಿಯನ್ನು ನೋಡುತ್ತ ಹೋದಳು. ಬಿಸಿಲು ಬಂದು, ಮಂಜು ಕರಗಿ, ಮತ್ತೆ ನೆರಳು ಉದ್ದವಾಗುವ ಹೊತ್ತಿಗೆ ಅವಳೇ ಕಂಡುಹಿಡಿದಳು. ಎರಡು ಬಂಡೆಗಳ ಸಂದಿ, ಅದರ ಮೇಲೆ ಅಡ್ಡ ಬಿದ್ದ ಸುಟ್ಟ ಮರ. ಮರದಡಿಯಿಂದ ಒಂದು ಬೂಟು. ಪಕ್ಕದಲ್ಲಿ ಎಲೆಗಳು ಮುಚ್ಚಿದ ಬಿಲ್ಲು. ಕೈ ಚಾಚಿದರೆ ಸಿಗುವ ದೂರದಲ್ಲಿ ಬಂಡೆಯಿಂದ ನೀರು ಒಸರುತ್ತಿತ್ತು. ಆ ನೀರು ಇಲ್ಲದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನಿಸಿತು. ಬೇಗ ಮುಗಿಯುತ್ತಿತ್ತು.

ನೋರೀನ್ ಬಂಡೆಗೆ ಒರಗಿ ಕೂತು ಆ ಬೂಟಿನ ಮೇಲೆ ಕೈಯಿಟ್ಟುಕೊಂಡಳು. ನಾನು ಏಣು ಹತ್ತಿ ಕೌಂಟಿಯ ಪೊಲೀಸ್ ಮುಖ್ಯಸ್ಥ ಷೆರಿಫ್‌ಗೆ ಸುದ್ದಿ ಕಳಿಸಿ ಬರುವವರೆಗೂ ಹಾಗೇ ಕೂತಿದ್ದಳು. ಕೆಳಗಿನಿಂದ ಆ ದನಿ ಆಗಾಗ ನನ್ನನ್ನು ಹಿಂಬಾಲಿಸಿತು.

ಷೆರಿಫ್‌ನ ಜನ ಬಂದು ಮೂಳೆಗಳನ್ನು ತೆಗೆದುಕೊಂಡು ಹೋದರು. ತೊಡೆ ಮುರಿದಿತ್ತು ಎಂದರು. ಎಷ್ಟು ದಿನ ಬದುಕಿದ್ದ ಎನ್ನುವುದನ್ನು ಹೇಳಲಾಗದು ಎಂದರು. ನೆವಾಡಾದ ಮಾತಾಡಿದವರೆಲ್ಲ ಮಣ್ಣಿಗೆ ಬಂದರು, ಕೈಯಲ್ಲಿ ಅಡುಗೆಯ ಪಾತ್ರೆ ಹಿಡಿದು. ಆನ್ಸೆಲ್ ಬಂದವನೇ ನನ್ನನ್ನು ಪಕ್ಕಕ್ಕೆ ಎಳೆದು ಆ ಕಾಗೆಯನ್ನು ಹೊಡೆದು ಹಾಕುತ್ತೇನೆ, ಕಾನೂನು ಏನಾದರೂ ಮಾಡಿಕೊಳ್ಳಲಿ ಎಂದ. ನೋರೀನ್‌ಗೆ ಕೇಳಿಸಿತು.

"ಅದನ್ನ ಮುಟ್ಟಬೇಡ," ಎಂದಳು.

"ಅದು ಅವನನ್ನ ತಿಂದಿದೆ ನೋರೀನ್."

"ಗೊತ್ತು. ಅವನು ಕೂಗಿದ್ದನ್ನ ಕೇಳಿಸಿಕೊಂಡಿದ್ದೂ ಅದೊಂದೇ."



ಅಕ್ಟೋಬರಿನಲ್ಲಿ ಮೂವರೂ ಬೇಟೆಗೆ ಹೋದೆವು. ಈ ವರ್ಷ ಬಿಟ್ಟುಬಿಡು ಎಂದು ಊರೆಲ್ಲ ಹೇಳಿತು; ಅವಳು ಫ್ರೀಜರಿನ ಮಾತು ಎತ್ತಿದಳು. ನಾವು ಜುಲೈಯಿಂದ ಹಾಕಿದ ಲೆಕ್ಕಾಚಾರ ಒಂದೂ ತಪ್ಪಲಿಲ್ಲ. ಏಣಿನ ಮೇಲೆ ಡೇರೆ, ಬಂಡೆಯ ಮೇಲೆ ಅವಳು, ಅವಳ ಪಕ್ಕ ದುರ್ಬೀನು ಹಿಡಿದು ನಾನು. ತೆಳ್ಳಗೆ ಹಿಮ ಬಿದ್ದಿತ್ತು. ಬಿಸಿಲೇರಿ ಗಾಳಿ ತಿರುಗಿದ ಮೇಲೆ ಒಂದು ಹಿಂಡು ಹುಲ್ಲಿಗೆ ಬಂತು. ನೋರೀನ್ ಉಸಿರು ಬಿಟ್ಟು, ನಿಲ್ಲಿಸಿ, ಒಂದೇ ಗುಂಡಿನಲ್ಲಿ ದಪ್ಪನೆಯ ಹೆಣ್ಣೊಂದನ್ನು ಕೆಡವಿದಳು. ಕತ್ತಲಾಗುವ ಮೊದಲು ಕೊಯ್ದು ಚೀಲಗಳಿಗೆ ತುಂಬಿದೆವು. ಗುಂಡಿನ ಸದ್ದು ಕೇಳಿದ ಕಾಗೆಗಳು ಎಲ್ಲೆಲ್ಲಿಂದಲೋ ಬಂದು ಕಂಬಗಳ ಮೇಲೆ ಸಾಲಾಗಿ ಕೂತವು. ಆನ್ಸೆಲ್ ಕೆಲಸ ಮಾಡುತ್ತ ತಲೆ ಎತ್ತಲಿಲ್ಲ. ಅವುಗಳಲ್ಲಿ ಯಾವುದು ಅದು ಎಂದು ಗುರುತು ಹಿಡಿಯುವ ಹಾಗಿರಲಿಲ್ಲ. ಆ ದಿನ ಒಂದೂ ಬಾಯಿ ಬಿಡಲಿಲ್ಲ.

ಮುಗಿಯಿತು ಎಂದುಕೊಂಡೆವು. ಮಾರನೇ ಸೆಪ್ಟೆಂಬರಿನಲ್ಲಿ ಹೊರ ರಾಜ್ಯದ ಬಿಲ್ಲಿನವನೊಬ್ಬ ಓಡಿ ಬಂದು, ಹಾರ್ಕರ್ ಹಳ್ಳದಲ್ಲಿ ಯಾರೋ ಸಿಕ್ಕಿಹಾಕಿಕೊಂಡಿದ್ದಾನೆ, ಇಲ್ಲಿ ಇಲ್ಲಿ ಎಂದು ಕೂಗುತ್ತಿದ್ದಾನೆ ಎಂದ. ಷೆರಿಫ್‌ಗೆ ಗೊತ್ತು ಅದೇನೆಂದು. ಗೊತ್ತಿದ್ದೂ ಸುಮ್ಮನೆ ಕೂರುವ ಹಾಗಿಲ್ಲ. ಒಂದು ದಿನ ಅದು ನಿಜವಾಗಿ ಮನುಷ್ಯನೇ ಆಗಿದ್ದರೆ? ಅವನು ನೋರೀನ್‌ಗೆ ಫೋನ್ ಮಾಡಿದ. ಅವಳು ನನಗೆ ಮಾಡಿದಳು.

ಆಮೇಲೆ ಪ್ರತಿ ಶರತ್ಕಾಲವೂ ಹೀಗೇ. ಸುದ್ದಿ ಬಂದಾಗಲೆಲ್ಲ ನಾವಿಬ್ಬರೂ ಷೆರಿಫ್‌ನ ಒಬ್ಬ ಆಳಿನ ಜೊತೆ ಏಣು ಹತ್ತುತ್ತೇವೆ. ನೋರೀನ್ ತುದಿಯಲ್ಲಿ ನಿಂತು, ಕೈ ಬಾಯಿಗೆ ಅಡ್ಡ ಹಿಡಿದು, "ಬಂದ್ವಿ, ಅಲ್ಲೇ ಇರು" ಎಂದು ಕೂಗುತ್ತಾಳೆ. ಮನುಷ್ಯನಾದರೆ ಬೇರೆ ಏನಾದರೂ ಹೇಳುತ್ತಾನೆ, ಹೆಸರು ಹೇಳುತ್ತಾನೆ, ಬೈಯುತ್ತಾನೆ. ಕಾಗೆಯಾದರೆ ಪೀಪಿ ಊದಿ ಮತ್ತೆ ಅದನ್ನೇ ಹೇಳುತ್ತದೆ. ಇದೇ ಪರೀಕ್ಷೆ. ಅವಳು ಕೂಗುತ್ತಾಳೆ, ಕಾಯುತ್ತಾಳೆ, ಮತ್ತೆ ಕೂಗುತ್ತಾಳೆ. ಖಾತ್ರಿಯಾಗುವವರೆಗೆ ಇಳಿಯಲು ಬಿಡುವುದಿಲ್ಲ.

ಹೋದ ವರ್ಷ ಆರೆಗಾನ್ ಕಡೆಯ ಗಂಡ ಹೆಂಡತಿ ಷೆರಿಫ್‌ನ ಕಚೇರಿಗೆ ಬಂದರು. ಮೇಲೆ ಒಬ್ಬ ಗಂಡಸು ಸಹಾಯಕ್ಕೆ ಕೂಗುತ್ತಿದ್ದ, ನಾವು ಹೊರಡುವಷ್ಟರಲ್ಲಿ ಒಬ್ಬಳು ಹೆಂಗಸು ಬಂದ್ವಿ ಎಂದು ಉತ್ತರ ಕೊಟ್ಟಳು, ಸದ್ಯ ಅವನ ಜನ ಬಂದರು ಎಂದು ನೆಮ್ಮದಿಯಾಯಿತು ಎಂದರು. ನೋಡಿಕೊಂಡು ಹೋಗೋಣ ಎಂದು ಇಳಿದರೆ ಇಬ್ಬರೂ ಇಲ್ಲ. ಹೊಸ ಹಿಮದ ಮೇಲೆ ಒಂದು ಹೆಜ್ಜೆಯೂ ಇಲ್ಲ.

ಷೆರಿಫ್ ಫೋನ್ ಮಾಡಿ ನೀನೇನಾದರೂ ಮೇಲೆ ಹೋಗಿದ್ದೆಯಾ ಎಂದು ಕೇಳಿದಾಗ ನೋರೀನ್ ಅಂಗಡಿಯಲ್ಲಿ ಯಾರದೋ ಅರ್ಧ ತಲೆಯ ಕೂದಲು ಕತ್ತರಿಸಿ ನಿಂತಿದ್ದಳು. ಉಳಿದ ಅರ್ಧ ಮುಗಿಸಿ, ನೆಲ ಗುಡಿಸಿ, ನನ್ನ ಮನೆಗೆ ಬಂದಳು.

ಮಾರನೆಯ ದಿನ ಏಣಿನ ಮೇಲೆ ಅವಳು ಕೂಗಲಿಲ್ಲ. ಹಿಮ ಒರೆಸಿ ಒಂದು ಕಲ್ಲಿನ ಮೇಲೆ ಕೂತಳು. ನಾನೂ ಕೂತೆ. ಗಾಳಿ ತಿರುಗಿತು. ಬೋಗುಣಿಯೊಳಗಿಂದ ಮೊದಲು ಪೀಪಿ ಬಂತು, ಆಮೇಲೆ ಹಾಲಿಸ್‌ನ ಒಣ ದನಿ. ಅದರ ಬೆನ್ನಿಗೇ, ಅದೇ ಮರದಿಂದ, ನೋರೀನ್‌ಳ ದನಿ. ಬಂದ್ವಿ, ಅಲ್ಲೇ ಇರು. ನನ್ನ ಪಕ್ಕ ಕೂತವಳ ತುಟಿ ಅಲುಗಿರಲಿಲ್ಲ. ಕೆಳಗಿನವಳು ಮತ್ತೆ ಕೂಗಿದಳು. ಹಾಲಿಸ್ ಮತ್ತೆ ಇಲ್ಲಿ ಎಂದ. ಹೀಗೇ ಬಹಳ ಹೊತ್ತು ನಡೆಯಿತು.

"ಅದರ ಗಂಟಲಲ್ಲಿ ನನ್ನ ದನಿ ಅಳ್ತಾ ಇದೆ," ಎಂದಳು ನೋರೀನ್. "ನಾನು ಅಳ್ತಾ ಕೂಗ್ತಿದ್ನಾ?"

"ಹೂಂ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ," ಎಂದೆ.